ಬಣ್ಣ ಹಾಕಿದ ಚರ್ಮದ ಚೀಲ: ಯಾವುದಕ್ಕೆ ಎಷ್ಟು ವೆಚ್ಚ

ಉಬ್ಬುಚಿತ್ರ ಮೂಡಿಸಿ, ಕುಂಚದಿಂದ ಬಣ್ಣ ತುಂಬಿದ ಒಂದು ಚರ್ಮದ ಹೆಗಲುಚೀಲದ ತಯಾರಿಕೆಗೆ ₹1,200 ತಗಲುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಬಣ್ಣದ ಬೆಲೆ ₹24, ಅಂದರೆ ಶೇ 2. ಅದೇ ಬಣ್ಣವನ್ನು ಹಚ್ಚುವ ಕೂಲಿ ₹187.50, ಅಂದರೆ ಶೇ 15.6. ಬಣ್ಣಕ್ಕೆ ಒಂದು ರೂಪಾಯಿ ಹೋದರೆ ಅದನ್ನು ಹಚ್ಚುವ ಕೆಲಸಕ್ಕೆ ₹7.80 ಹೋಗುತ್ತದೆ. ವೆಚ್ಚ ತಗ್ಗಿಸಬೇಕೆಂದಾಗ ಕುಶಲಕರ್ಮಿಯ ಕಣ್ಣು ಮೊದಲು ಬೀಳುವುದು ಬಣ್ಣದ ಡಬ್ಬಿಯ ಮೇಲೆ. ಅಲ್ಲಿ ಉಳಿಸಲು ಇರುವುದು ಹೆಚ್ಚೆಂದರೆ ಆ ಶೇ 2 ಮಾತ್ರ.

ಈ ಬರಹದಲ್ಲಿ ಎರಡು ಬಗೆಯ ಅಂಕಿಗಳಿವೆ. ನರೇಗಾ ಕೂಲಿ, ತೆರಿಗೆ, ಜಾನುವಾರು ಗಣತಿ, ರಾಸಾಯನಿಕಗಳ ಮಿತಿ ಅಧಿಕೃತವಾಗಿ ಪ್ರಕಟವಾದವು. ಚರ್ಮ ಮತ್ತು ಬಣ್ಣದ ದರ, ಕೆಲಸದ ಗಂಟೆ, ನಷ್ಟದ ಪ್ರಮಾಣ ಇವು ಲೆಕ್ಕಕ್ಕಾಗಿ ಹಿಡಿದವು. ಊರಿಂದ ಊರಿಗೆ ಈ ದರಗಳು ಬದಲಾಗುತ್ತವೆ. ಆದ್ದರಿಂದ ದರ ಎಷ್ಟು ಬದಲಾದರೆ ಒಟ್ಟು ವೆಚ್ಚ ಎಷ್ಟು ಬದಲಾಗುತ್ತದೆ ಎಂಬುದನ್ನೂ ಜತೆಗೇ ಕೊಡಲಾಗಿದೆ.

ಮಾದರಿಯಾಗಿ ತೆಗೆದುಕೊಂಡಿರುವುದು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಶಾಂತಿನಿಕೇತನದ ಚರ್ಮಗೆಲಸ. ರವೀಂದ್ರನಾಥ ಟ್ಯಾಗೋರರು 1922ರಲ್ಲಿ ಆರಂಭಿಸಿದ ಶ್ರೀನಿಕೇತನದ ಮೂಲಕ ಬೆಳೆದ ಈ ಕಸುಬಿಗೆ 2007-08ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಒಂದು ಪ್ರದೇಶದ ಉತ್ಪನ್ನದ ಹೆಸರನ್ನು ಆ ಪ್ರದೇಶದ ತಯಾರಕರಷ್ಟೇ ಬಳಸಬಹುದೆಂಬ ಕಾನೂನು ರಕ್ಷಣೆ ಅದು. ಕುರಿ-ಮೇಕೆಯ ಚರ್ಮವನ್ನು ತೇವ ಮಾಡಿ, ಚಿತ್ರದ ಗೆರೆ ಒತ್ತಿ, ಉಬ್ಬಿಸಿ, ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣ ತುಂಬಿ, ಮೇಲೆ ಮೆರುಗು ಕೊಡುವುದು ಅಲ್ಲಿನ ಕ್ರಮ.

ಕಚ್ಚಾ ಸರಕು

ಜಗತ್ತಿನಲ್ಲಿ ತಯಾರಾಗುವ ಚರ್ಮದಲ್ಲಿ ಸುಮಾರು ಶೇ 80ರಿಂದ 90ರಷ್ಟು ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಉಳಿದುದರ ಬಹುಪಾಲು ಸಸ್ಯಹದದ್ದು: ತಂಗಡಿ ಅಥವಾ ಜಾಲಿ ಚಕ್ಕೆ, ಅಳಲೆಕಾಯಿಯಂಥ ಒಗರು ಪದಾರ್ಥಗಳಿಂದ ಹದ ಮಾಡಿದ್ದು. ಕೈಯಿಂದ ಚಿತ್ರ ಒತ್ತಿ ಬಣ್ಣ ತುಂಬುವ ಕೆಲಸಕ್ಕೆ ಈ ಎರಡನೆಯದೇ ಬೇಕು. ಸಸ್ಯಹದದ ಚರ್ಮ ನೀರು ಹೀರಿದಾಗ ಮೆತ್ತಗಾಗಿ, ಒಣಗಿದ ಮೇಲೆ ಒತ್ತಿದ ಗೆರೆಯನ್ನು ಹಾಗೆಯೇ ಹಿಡಿದುಕೊಳ್ಳುತ್ತದೆ. ಕ್ರೋಮ್ ಚರ್ಮ ಸ್ಪ್ರಿಂಗಿನಂತೆ ಮೊದಲಿನ ರೂಪಕ್ಕೆ ಮರಳುತ್ತದೆ. ಹೀಗಾಗಿ ಈ ಕಸುಬಿನ ಆಯ್ಕೆ ಮಾರುಕಟ್ಟೆಯ ಒಟ್ಟು ಚರ್ಮದ ಶೇ 20ಕ್ಕಿಂತ ಕಡಿಮೆ ಭಾಗಕ್ಕೆ ಸೀಮಿತ.

ಆದರೆ ತೊಗಲಿಗೆ ಮೂಲವಾದ ಪ್ರಾಣಿಗಳ ಸಂಖ್ಯೆ ಇಳಿದಿಲ್ಲ. 2012ರ ಗಣತಿಯಲ್ಲಿ 13.52 ಕೋಟಿ ಇದ್ದ ದೇಶದ ಮೇಕೆಗಳು 2019ರ 20ನೇ ಜಾನುವಾರು ಗಣತಿಯಲ್ಲಿ 14.89 ಕೋಟಿ ಆದವು. ಏರಿಕೆ ಶೇ 10.1. ಪಶ್ಚಿಮ ಬಂಗಾಳದಲ್ಲಿ ಅದೇ ಅವಧಿಯ ಏರಿಕೆ ಶೇ 41ರಷ್ಟು, ಸಂಖ್ಯೆ 1.63 ಕೋಟಿ ತಲುಪಿತು. ಕರ್ನಾಟಕದಲ್ಲಿ ಕುರಿಗಳು 95.8 ಲಕ್ಷದಿಂದ 1.11 ಕೋಟಿಗೆ ಏರಿದವು. ತೊಗಲಿನ ಕೊರತೆಯಿಂದಲೇ ಚೀಲದ ಬೆಲೆ ಏರುತ್ತಿದೆ ಎಂಬ ವಾದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಒಂದು ಚೀಲದ ಲೆಕ್ಕ

ಚರ್ಮವನ್ನು ಅಳೆಯುವುದು ಚದರ ಅಡಿಯಲ್ಲಿ. ಒಂದು ಚದರ ಅಡಿ ಎಂದರೆ 929 ಚದರ ಸೆಂ.ಮೀ. ನಮ್ಮ ಮಾದರಿ ಚೀಲದಲ್ಲಿ ಉಳಿಯುವ ಚರ್ಮ 2.4 ಚದರ ಅಡಿ. ತೊಗಲಿನ ಅಂಚು, ಗಾಯದ ಗುರುತು, ತೆಳುವಾದ ಹೊಟ್ಟೆಯ ಭಾಗ ಬಿಟ್ಟು ಕತ್ತರಿಸುವಾಗ ಶೇ 20 ನಷ್ಟ ಹಿಡಿದರೆ ಕೊಳ್ಳಬೇಕಾದದ್ದು 3 ಚದರ ಅಡಿ. ಚದರ ಅಡಿಗೆ ₹110ರಂತೆ ₹330.

ಬಣ್ಣದ ಲೆಕ್ಕ ಹೀಗೆ. ಒಂದು ಲೀಟರ್ ಸ್ಪಿರಿಟ್‌ಗೆ ₹140, ಅದಕ್ಕೆ ಸೇರಿಸುವ 20 ಗ್ರಾಂ ಬಣ್ಣದ ಪುಡಿಗೆ ₹60, ಒಟ್ಟು ₹200. ಇಡೀ ಚೀಲಕ್ಕೆ ಹಿನ್ನೆಲೆ ಬಣ್ಣವನ್ನು ಚದರ ಅಡಿಗೆ 20 ಮಿ.ಲೀ.ನಂತೆ ಎರಡು ಬಾರಿ ಹಚ್ಚಲು 96 ಮಿ.ಲೀ., ಚಿತ್ರ ತುಂಬಲು 14 ಮಿ.ಲೀ., ಬಟ್ಟಲಲ್ಲಿ ಉಳಿದು ಹೋಗುವುದು 10 ಮಿ.ಲೀ. ಸೇರಿ 120 ಮಿ.ಲೀ. ಬೆಲೆ ₹24. ಮೇಲಿನ ಮೆರುಗಿಗೆ ₹16.

ಕೆಲಸ 8 ಗಂಟೆ: ಕತ್ತರಿಸಲು ಅರ್ಧ, ತೇವ ಮಾಡಿ ಚಿತ್ರ ಉಬ್ಬಿಸಲು ಒಂದೂವರೆ, ಹಿನ್ನೆಲೆ ಬಣ್ಣಕ್ಕೆ ಅರ್ಧ, ನಾಲ್ಕು ಬಣ್ಣಗಳಲ್ಲಿ ಚಿತ್ರ ತುಂಬಲು ಎರಡು, ಮೆರುಗಿಗೆ ಅರ್ಧ, ಅಂಚು ಹೆಣೆದು ಜೋಡಿಸಲು ಮೂರು ಗಂಟೆ. ದಿನಕ್ಕೆ ₹600, ಗಂಟೆಗೆ ₹75. ಎಲ್ಲ ಸೇರಿದಾಗ:

ಚರ್ಮ: ₹330 (ಶೇ 27.5)
ಬಣ್ಣ ಮತ್ತು ಮೆರುಗು: ₹40 (ಶೇ 3.3)
ಒಳಬಟ್ಟೆ, ಜಿಪ್, ಬಕಲ್, ಹೆಣಿಗೆಯ ದಾರ: ₹110 (ಶೇ 9.2)
ಕೂಲಿ: ₹600 (ಶೇ 50)
ಬಾಡಿಗೆ, ವಿದ್ಯುತ್, ಉಪಕರಣಗಳ ಸವೆತ: ₹120 (ಶೇ 10)
ಒಟ್ಟು: ₹1,200

ದರ ಬದಲಾದರೆ

ಬಣ್ಣದ ದರ ಇದ್ದಕ್ಕಿದ್ದಂತೆ ಎರಡು ಪಟ್ಟಾದರೆ ಚೀಲದ ವೆಚ್ಚ ₹1,224 ಆಗುತ್ತದೆ. ಏರಿಕೆ ಶೇ 2. ಚರ್ಮದ ದರ ಶೇ 10 ಏರಿದರೆ ವೆಚ್ಚ ಶೇ 2.75 ಏರುತ್ತದೆ. ಕೂಲಿ ಶೇ 10 ಏರಿದರೆ ಶೇ 5. ಅಂದರೆ ಕೂಲಿಯ ಶೇ 10 ಏರಿಕೆಯಷ್ಟು ಪರಿಣಾಮ ಬೀರಲು ಬಣ್ಣದ ದರ ಮೂರೂವರೆ ಪಟ್ಟಾಗಬೇಕು.

ಕತ್ತರಿಕೆಯ ನಷ್ಟ ಶೇ 20ರಿಂದ 30ಕ್ಕೆ ಹೋದರೆ ಕೊಳ್ಳಬೇಕಾದ ಚರ್ಮ 3 ಚದರ ಅಡಿಯಿಂದ 3.43ಕ್ಕೆ ಏರುತ್ತದೆ. ಹೆಚ್ಚುವರಿ ವೆಚ್ಚ ₹47. ಇದು ಇಡೀ ಚೀಲದ ಬಣ್ಣದ ಬೆಲೆಯ ಸುಮಾರು ಎರಡು ಪಟ್ಟು. ಒಂದೇ ತೊಗಲಿನ ಮೇಲೆ ಅಚ್ಚುಗಳನ್ನು ಹೇಗೆ ಹೊಂದಿಸಿ ಇಡುತ್ತಾರೆ ಎಂಬುದು ಯಾವ ಕಂಪನಿಯ ಬಣ್ಣ ಕೊಳ್ಳುತ್ತಾರೆ ಎಂಬುದಕ್ಕಿಂತ ಲೆಕ್ಕದಲ್ಲಿ ಹೆಚ್ಚು ತೂಗುತ್ತದೆ.

ಚಿತ್ರದಲ್ಲಿ ಬಣ್ಣಗಳ ಸಂಖ್ಯೆ ನಾಲ್ಕರಿಂದ ಆರಕ್ಕೆ ಏರಿದರೆ, ಬಣ್ಣವೊಂದಕ್ಕೆ ಅರ್ಧ ಗಂಟೆಯಂತೆ ಒಂದು ಗಂಟೆ ಹೆಚ್ಚು ಬೇಕು. ವೆಚ್ಚ ₹75 ಏರುತ್ತದೆ, ಶೇ 6.25. ಆ ಎರಡು ಬಣ್ಣಗಳಿಗೆ ಬೇಕಾಗುವ ದ್ರವದ ಬೆಲೆ ಒಂದೆರಡು ರೂಪಾಯಿ. ಗ್ರಾಹಕ ‘ಇನ್ನೊಂದು ಬಣ್ಣ ಸೇರಿಸಿ’ ಎಂದಾಗ ಕೇಳುತ್ತಿರುವುದು ಕಾಲು ದಿನದ ಕಾಲು ಭಾಗದಷ್ಟು ದುಡಿಮೆಯನ್ನು. ಅದಕ್ಕೆ ₹37.50ಕ್ಕಿಂತ ಕಡಿಮೆ ಕೇಳಿದರೆ ನಷ್ಟ.

ಬಿಡಿ ಆದೇಶದಲ್ಲೂ ಇದೇ ಲೆಕ್ಕ. ಬಣ್ಣ ಕಲಸಿ, ತುಂಡಿನ ಮೇಲೆ ಹಚ್ಚಿ ನೋಡಿ, ಛಾಯೆ ಸರಿಪಡಿಸಲು 30 ನಿಮಿಷ ಬೇಕೆಂದುಕೊಂಡರೆ, 10 ಚೀಲಗಳ ಒಂದು ಸರದಿಯಲ್ಲಿ ಅದು ಚೀಲಕ್ಕೆ 3 ನಿಮಿಷ. ಒಂದೇ ಚೀಲಕ್ಕಾದರೆ ಪೂರ್ತಿ 30 ನಿಮಿಷ. 27 ನಿಮಿಷದ ವ್ಯತ್ಯಾಸದ ಬೆಲೆ ₹33.75, ಒಟ್ಟು ವೆಚ್ಚದ ಶೇ 2.8.

ಕೆಟ್ಟ ತುಂಡಿನ ಬೆಲೆ

ಸಸ್ಯಹದದ ಚರ್ಮ ಬಣ್ಣವನ್ನು ಒಳಕ್ಕೆ ಹೀರುತ್ತದೆ. ಗೆರೆ ದಾಟಿದ ಬಣ್ಣವನ್ನು ಒರೆಸಿ ತೆಗೆಯಲಾಗದು. ಹಿನ್ನೆಲೆಯಲ್ಲಿ ಪಟ್ಟೆ ಬಿದ್ದರೆ ಮುಚ್ಚಲು ಇನ್ನೂ ಗಾಢ ಬಣ್ಣ ಬೇಕು. ಚಿತ್ರವಿರುವ ಮುಂಭಾಗದ ತುಂಡು ಚೀಲದ ಅರ್ಧ, 1.2 ಚದರ ಅಡಿ. ಬಣ್ಣದ ಹಂತದಲ್ಲಿ ಅದು ಕೆಟ್ಟರೆ ಹೋಗುವುದು: ನಷ್ಟ ಸೇರಿ 1.5 ಚದರ ಅಡಿ ಚರ್ಮಕ್ಕೆ ₹165, ಅಷ್ಟರಲ್ಲಿ ಮುಗಿದಿರುವ 4 ಗಂಟೆಯ ಕೆಲಸಕ್ಕೆ ₹300, ಬಣ್ಣಕ್ಕೆ ₹13. ಒಟ್ಟು ₹478. ಒಂದು ತುಂಡು ಕೆಟ್ಟರೆ 20 ಚೀಲಗಳ ಬಣ್ಣದ ಹಣ ಹೋದಂತೆ.

ವರ್ಷಕ್ಕೆ 300 ಚೀಲ ಮಾಡುವವರ ಕೈಯಲ್ಲಿ ನೂರಕ್ಕೆ 5 ತುಂಡು ಕೆಟ್ಟರೆ 15 ತುಂಡು, ₹7,170 ನಷ್ಟ. ಅದೇ 300 ಚೀಲಗಳಿಗೆ ವರ್ಷವಿಡೀ ಬೇಕಾಗುವ ಬಣ್ಣದ ಬೆಲೆ ₹7,200. ನೂರಕ್ಕೆ 10 ಕೆಟ್ಟರೆ ನಷ್ಟ ₹14,340, ಬಣ್ಣದ ಖರ್ಚಿನ ಎರಡು ಪಟ್ಟು. ಮೇಲಿನ ₹1,200ರಲ್ಲಿ ಈ ನಷ್ಟ ಸೇರಿಲ್ಲ. ಅರ್ಧ ಬೆಲೆಯ ಬಣ್ಣ ಕೊಂಡವರು ಚೀಲಕ್ಕೆ ₹12ರಂತೆ ವರ್ಷಕ್ಕೆ ₹3,600 ಉಳಿಸುತ್ತಾರೆ. ಆ ಬಣ್ಣ ಸಮವಾಗಿ ಹರಡದೆ ವರ್ಷಕ್ಕೆ 8 ತುಂಡು ಹೆಚ್ಚು ಕೆಟ್ಟರೆ ₹3,824 ಕಳೆದುಕೊಳ್ಳುತ್ತಾರೆ. 8 ತುಂಡು ಎಂದರೆ ನೂರಕ್ಕೆ 2.7 ಮಾತ್ರ.

ಪರೀಕ್ಷೆಗೆ ಹೊಸ ಚರ್ಮ ಬೇಕಿಲ್ಲ. ಪ್ರತಿ ಚೀಲ ಕತ್ತರಿಸಿದಾಗಲೂ 0.6 ಚದರ ಅಡಿ ಚೂರು ಉಳಿಯುತ್ತದೆ. ಒಂದೇ ತೊಗಲಿನ ಚೂರಿನ ಮೇಲೆ ಬಣ್ಣ ಹಚ್ಚಿ, ಒಣಗಿಸಿ ನೋಡಿದರೆ ಛಾಯೆ ಎಷ್ಟು ಇಳಿಯುತ್ತದೆ ಎಂದು ತಿಳಿಯುತ್ತದೆ. 6 ನಿಮಿಷದ ಈ ಪರೀಕ್ಷೆಯ ಬೆಲೆ ₹7.50. ಚೀಲಕ್ಕೊಂದರಂತೆ 300 ಬಾರಿ ಮಾಡಿದರೆ ₹2,250; ವರ್ಷಕ್ಕೆ 5 ತುಂಡು ಉಳಿದರೂ ₹2,390 ಮರಳಿ ಬರುತ್ತದೆ.

ಚೂರಿನಿಂದ ಪರ್ಸ್

ಚಿಕ್ಕ ವಸ್ತುವಿನಲ್ಲಿ ಚರ್ಮ ಕಡಿಮೆಯಾದಷ್ಟು ಕೆಲಸ ಕಡಿಮೆಯಾಗುವುದಿಲ್ಲ. 0.4 ಚದರ ಅಡಿಯ ಒಂದು ಚಿಲ್ಲರೆ ಪರ್ಸಿಗೆ ಕತ್ತರಿಕೆ ನಷ್ಟ ಸೇರಿ ಚರ್ಮ ₹55, ಬಣ್ಣ-ಮೆರುಗು ₹7, ಜಿಪ್ ಇತ್ಯಾದಿ ₹15, 2 ಗಂಟೆ ಕೂಲಿ ₹150, ಇತರೆ ₹30, ಒಟ್ಟು ₹257. ಚದರ ಅಡಿ ಲೆಕ್ಕದಲ್ಲಿ ಪರ್ಸಿನ ವೆಚ್ಚ ₹642; ಚೀಲದ್ದು ₹500. ಪರ್ಸ್ ಶೇ 28ರಷ್ಟು ದುಬಾರಿ.

ಚೂರುಗಳಲ್ಲಿ ಅರ್ಧದಷ್ಟು ಬಳಕೆಗೆ ಬಂದರೆ ನಾಲ್ಕು ಚೀಲಗಳಿಂದ 1.2 ಚದರ ಅಡಿ ಸಿಗುತ್ತದೆ. ಅದು ಮೂರು ಪರ್ಸಿಗೆ ಸಾಕು. ಉಳಿಯುವ ಚರ್ಮದ ಬೆಲೆ ₹165, ಚೀಲಕ್ಕೆ ₹41.25. ಬಣ್ಣ ಮತ್ತು ಮೆರುಗಿಗೆ ಚೀಲವೊಂದಕ್ಕೆ ಆಗುವ ಖರ್ಚು ₹40. ಚೂರನ್ನು ಎಸೆಯದೆ ಬಳಸಿದವರಿಗೆ ಬಣ್ಣದ ಸಾಮಗ್ರಿ ಪೂರ್ತಿ ಪುಕ್ಕಟೆಯಾದಂತೆ.

ಸುರಕ್ಷಿತ ಬಣ್ಣಕ್ಕೆ ಎಷ್ಟು

ಭಾರತದಲ್ಲಿ ನಿಷೇಧಿತ ಬಣ್ಣಗಳ ಸಂಖ್ಯೆ 112. ಇವುಗಳಲ್ಲಿ 42 ಬೆಂಜಿಡಿನ್ ಮೂಲದವು. 1997ರಲ್ಲಿ ಇನ್ನೂ 70 ಅಜೋ ಬಣ್ಣಗಳು ಪಟ್ಟಿಗೆ ಸೇರಿದವು. ಅಜೋ ಬಣ್ಣಗಳೆಂದರೆ ಸಾರಜನಕದ ಜೋಡಿ ಬಂಧವುಳ್ಳ ಕೃತಕ ಬಣ್ಣಗಳು. ಅವುಗಳಲ್ಲಿ ಕೆಲವು ಒಡೆದು, ಕ್ಯಾನ್ಸರ್‌ಕಾರಕ ಅಮೀನ್‌ಗಳಾಗುತ್ತವೆ. ಐರೋಪ್ಯ ಒಕ್ಕೂಟ ಮೈಗೆ ತಾಗುವ ಚರ್ಮದ ವಸ್ತುವಿನಲ್ಲಿ ಇಂಥ 22 ಅಮೀನ್‌ಗಳಿಗೆ ಕಿಲೋಗೆ 30 ಮಿ.ಗ್ರಾಂ ಮಿತಿ ಹಾಕಿದೆ. 2015ರ ಮೇ 1ರಿಂದ ಆರು ವೇಲೆನ್ಸಿಯ ಕ್ರೋಮಿಯಂಗೆ ಕಿಲೋಗೆ 3 ಮಿ.ಗ್ರಾಂ ಮಿತಿಯೂ ಇದೆ.

ಒಂದು ಮಿ.ಮೀ. ದಪ್ಪದ 2.4 ಚದರ ಅಡಿ ಚರ್ಮ ಅಂದಾಜು 200 ಗ್ರಾಂ ತೂಗುತ್ತದೆ. ಕಿಲೋಗೆ 30 ಮಿ.ಗ್ರಾಂ ಎಂದರೆ ಅಷ್ಟು ಚರ್ಮಕ್ಕೆ 6 ಮಿ.ಗ್ರಾಂ. ಚೀಲಕ್ಕೆ ಬಳಸಿದ 120 ಮಿ.ಲೀ. ದ್ರವದಲ್ಲಿರುವ ಬಣ್ಣದ ಪುಡಿ 2,400 ಮಿ.ಗ್ರಾಂ. ಅದರ 400ರಲ್ಲಿ ಒಂದು ಪಾಲು ನಿಷೇಧಿತ ಅಮೀನ್ ಆದರೂ ಚೀಲ ಮಿತಿಯ ಅಂಚು ಮುಟ್ಟುತ್ತದೆ. ಹೆಸರಿಲ್ಲದ ಬಿಡಿ ಪುಡಿಯಲ್ಲಿ ಇಷ್ಟು ಸಣ್ಣ ಪಾಲನ್ನು ಕಣ್ಣಿನಿಂದ ಗುರುತಿಸಲಾಗದು.

ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದ ಬಣ್ಣ ಮೂರು ಪಟ್ಟು ದುಬಾರಿ ಎಂದುಕೊಂಡರೂ ಚೀಲಕ್ಕೆ ಹೆಚ್ಚುವರಿ ವೆಚ್ಚ ₹48, ಶೇ 4. ಒಂದು ತುಂಡು ಕೆಟ್ಟರೆ ಆಗುವ ನಷ್ಟದ ಹತ್ತನೇ ಒಂದು ಭಾಗ ಅದು. ಸುರಕ್ಷಿತ ಬಣ್ಣ ಕೈಗೆಟುಕದು ಎಂಬ ಮಾತು ಡಬ್ಬಿಯ ಬೆಲೆ ನೋಡಿದಾಗ ಸರಿ ಎನಿಸುತ್ತದೆ. ಚೀಲದ ಬೆಲೆಯಲ್ಲಿ ಅದರ ಪಾಲು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ತೆರಿಗೆಯ ಪಾಲು

2025ರ ಸೆಪ್ಟೆಂಬರ್ 22ರಿಂದ ಸಿದ್ಧ ಚರ್ಮದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಸಿದ್ಧ ಚರ್ಮವೆಂದರೆ ಹದವಾದ ಬಳಿಕದ ಸಂಸ್ಕರಣೆಯೂ ಮುಗಿದದ್ದು. ₹330ರ ಚರ್ಮಕ್ಕೆ ₹39.60 ಇದ್ದ ತೆರಿಗೆ ₹16.50 ಆಯಿತು. ಉಳಿತಾಯ ₹23.10, ಚೀಲದ ಬಣ್ಣದ ಬೆಲೆಗೆ 90 ಪೈಸೆಯಷ್ಟೇ ಕಡಿಮೆ. ಕೊಟ್ಟ ತೆರಿಗೆಯನ್ನು ಮರಳಿ ಪಡೆಯಲಾಗದ, ನೋಂದಣಿ ಇಲ್ಲದ ಸಣ್ಣ ತಯಾರಕರಿಗೆ ಇದು ನೇರ ಲಾಭ. ಸರಕಿನ ವ್ಯಾಪಾರದಲ್ಲಿ ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು ₹40 ಲಕ್ಷ ದಾಟಿದಾಗ. ₹1,200ರಂತೆ ಅದು 3,333 ಚೀಲ, ವರ್ಷಕ್ಕೆ 300ರಂತೆ 11 ಜನರ ದುಡಿಮೆ. ಮನೆಯಲ್ಲೇ ನಡೆಯುವ ಘಟಕಗಳು ಈ ಮಿತಿಯೊಳಗೇ ಇರುತ್ತವೆ.

ಕೈಕುಶಲ ಪರ್ಸ್ ಮತ್ತು ಪೌಚ್‌ಗಳ ತೆರಿಗೆಯೂ ಅದೇ ದಿನ ಶೇ 12ರಿಂದ 5ಕ್ಕೆ ಇಳಿಯಿತು. ಕಾರ್ಖಾನೆಯಲ್ಲಿ ತಯಾರಾದ ಚರ್ಮದ ಪರ್ಸಿಗೆ ಶೇ 18 ಮುಂದುವರಿದಿದೆ. ₹300ರ ಪರ್ಸ್ ಮಾರುವ ಅಂಗಡಿಯಲ್ಲಿ ಎರಡರ ತೆರಿಗೆಯ ಅಂತರ ಮೊದಲು ₹18 ಇತ್ತು, ಈಗ ₹39. ಪರ್ಸಿಗೆ ಬಣ್ಣ ಹಚ್ಚುವ ಮುಕ್ಕಾಲು ಗಂಟೆಯ ಕೂಲಿ ₹56.25. ಯಂತ್ರದ ಪರ್ಸಿನ ಎದುರು ಕೈಬಣ್ಣದ ಪರ್ಸಿಗೆ ಬೀಳುವ ಈ ಹೆಚ್ಚುವರಿ ಕೂಲಿಯ ಶೇ 69ರಷ್ಟನ್ನು ತೆರಿಗೆಯ ಅಂತರವೇ ತುಂಬಿಕೊಡುತ್ತದೆ.

ತರಬೇತಿಯ ಲೆಕ್ಕ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ತಯಾರಿಕೆಯೂ ಒಂದು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ ವ್ಯಾಪ್ತಿಯಲ್ಲಿರುವ ಕರ್ನಾಟಕದ ನಾಲ್ಕು ಜಿಲ್ಲೆಗಳ, ಅಂದರೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರದ ಚರ್ಮ ಕುಶಲಕರ್ಮಿಗಳಿಗೆ ಇದು ನೇರ ಸಂಬಂಧಿಸಿದ್ದು. 15 ದಿನಗಳ ಮುಂದುವರಿದ ತರಬೇತಿಗೆ ದಿನಕ್ಕೆ ₹500ರಂತೆ ₹7,500 ಭತ್ಯೆ. ದಿನಕ್ಕೆ ₹600 ದುಡಿಯುವವರು ಅದೇ ಅವಧಿಯಲ್ಲಿ ಬಿಟ್ಟುಕೊಡುವುದು ₹9,000. ಕೊರತೆ ₹1,500. ಆ ತರಬೇತಿಯಲ್ಲಿ ಬಣ್ಣಗಾರಿಕೆಗೂ ಜಾಗ ಸಿಕ್ಕು, ನಮ್ಮ ಮಾದರಿ ಚೀಲದಲ್ಲಿ ಕೆಡುವ ತುಂಡುಗಳು ನೂರಕ್ಕೆ 10ರಿಂದ 5ಕ್ಕೆ ಇಳಿದರೆ ವರ್ಷಕ್ಕೆ ₹7,170 ಉಳಿಯುತ್ತದೆ. ಕೊರತೆ ಎರಡೂವರೆ ತಿಂಗಳಲ್ಲಿ ತುಂಬುತ್ತದೆ.

ಬೆಲೆ ಇಳಿದಾಗ

2025-26ರಲ್ಲಿ ನರೇಗಾ ದಿನಗೂಲಿ ಪಶ್ಚಿಮ ಬಂಗಾಳದಲ್ಲಿ ₹260, ಕರ್ನಾಟಕದಲ್ಲಿ ₹370 ಇತ್ತು. ಅದರ ಹಿಂದಿನ ವರ್ಷ ₹250 ಮತ್ತು ₹349 ಇತ್ತು. ಏರಿಕೆ ಕ್ರಮವಾಗಿ ಶೇ 4 ಮತ್ತು ಶೇ 6. ವಿಶೇಷ ಕೌಶಲ ಬೇಡದ ಕೆಲಸಕ್ಕೆ ಸರ್ಕಾರ ಕೊಡುವ ಕೂಲಿ ಇದು. ಕರ್ನಾಟಕದ ಶೇ 6 ಏರಿಕೆಯನ್ನು ಚೀಲದ ಕೂಲಿಗೂ ಕೊಟ್ಟರೆ ₹36 ಬೇಕು. ಇಡೀ ಚೀಲದ ಬಣ್ಣವನ್ನು ಪುಕ್ಕಟೆ ಪಡೆದರೂ ಅದನ್ನು ಸರಿದೂಗಿಸಲು ₹12 ಕಡಿಮೆ ಬೀಳುತ್ತದೆ.

ಸಗಟು ಕೊಳ್ಳುವವರು ಬೆಲೆ ಇಳಿಸಿದಾಗ ಚರ್ಮದ ₹330, ಸಾಮಗ್ರಿಯ ₹150, ಇತರೆ ₹120 ಇಳಿಯುವುದಿಲ್ಲ. ಈ ₹600 ಮೊದಲೇ ಖರ್ಚಾಗಿರುತ್ತದೆ, ಉಳಿದದ್ದೇ ಕೂಲಿ. ಚೀಲಕ್ಕೆ ₹1,000 ಸಿಕ್ಕರೆ ಬೆಲೆ ಶೇ 16.7 ಇಳಿದಂತೆ. ಆದರೆ ದಿನಗೂಲಿ ₹400ಕ್ಕೆ, ಅಂದರೆ ಶೇ 33 ಇಳಿಯುತ್ತದೆ. ಚೀಲಕ್ಕೆ ₹970 ಸಿಕ್ಕಾಗ ಕುಶಲಕರ್ಮಿಯ ದಿನಗೂಲಿ ಕರ್ನಾಟಕದ ನರೇಗಾ ಕೂಲಿಗೆ ಸಮ. ₹860ಕ್ಕೆ ಇಳಿದಾಗ ಪಶ್ಚಿಮ ಬಂಗಾಳದ ನರೇಗಾ ಕೂಲಿಗೆ ಸಮ.

ಆ ಸ್ಥಿತಿಯಲ್ಲಿ ಕುಶಲಕರ್ಮಿಗೆ ಇಳಿಸಲು ಸಿಗುವುದು ಗಂಟೆಗಳು ಮಾತ್ರ. ಚೀಲಕ್ಕೆ ₹1,000 ಸಿಕ್ಕಾಗ ಗಂಟೆಗೆ ₹75 ಉಳಿಸಿಕೊಳ್ಳಬೇಕೆಂದರೆ 8 ಗಂಟೆಯ ಕೆಲಸ 5 ಗಂಟೆ 20 ನಿಮಿಷಕ್ಕೆ ಇಳಿಯಬೇಕು. ಜೋಡಣೆಗೆ 3 ಗಂಟೆ, ಕತ್ತರಿಕೆ-ಮೆರುಗಿಗೆ 1 ಗಂಟೆ, ಹಿನ್ನೆಲೆ ಬಣ್ಣಕ್ಕೆ ಅರ್ಧ ಗಂಟೆ ಹೋದರೆ ಚಿತ್ರ ಉಬ್ಬಿಸಿ ಬಣ್ಣ ತುಂಬಲು ಉಳಿಯುವುದು 50 ನಿಮಿಷ. ಈಗ ಅದಕ್ಕೆ ಬೇಕಿರುವುದು ಮೂರೂವರೆ ಗಂಟೆ. ₹200 ಚೌಕಾಸಿಗೆ ಪ್ರತಿಯಾಗಿ ಚೀಲದಿಂದ ಹೋಗುವುದು ಚಿತ್ರಗೆಲಸದ ಮುಕ್ಕಾಲು ಪಾಲು, ಶೇ 76.